ಮದುವೆಯ ಮುಹೂರ್ತ, ಗ್ರೀನ್ ಕಾರ್ಡಿನ ತಾರೀಖು

2020ರ ಏಪ್ರಿಲ್ ಕೊನೆಯ ವಾರ. ಲಾಕ್‌ಡೌನ್ ಅಂತ, ಅಮೆರಿಕದ ವೀಸಾ ಕೇಸು ನೋಡುವ ಜಯನಗರದ ನನ್ನ ಆಫೀಸಿಗೆ ಬೀಗ. ಫೈಲುಗಳೆಲ್ಲ ಮನೆಯ ಊಟದ ಮೇಜಿನ ಮೇಲೆ. ಹೊರಗಿನಿಂದ ಬಂದು ನೆಲೆಸುವವರಿಗೆ ಅಮೆರಿಕ ಬಾಗಿಲು ಹಾಕಿದ ಸುದ್ದಿ ಆಗತಾನೇ ಬಂದಿತ್ತು. ದಾವಣಗೆರೆಯಿಂದ, ಗಂಡ ಅಲ್ಲಿದ್ದ ಹುಡುಗಿಯೊಬ್ಬಳ ಫೋನು.

“ಮೇಡಂ, ಹೆಂಡ್ತಿಯರಿಗೆ ಈ ರೂಲ್ ಇಲ್ಲ ಅಂತ ನ್ಯೂಸಲ್ಲಿ ಬಂತು. ಹಂಗಾದ್ರೆ ನಾನು ಹೋಗಬಹುದಲ್ಲ?”

ಅವಳ ಫೈಲು ಎದುರಿಗೇ ಇತ್ತು. ಲಗ್ನಪತ್ರಿಕೆಯ ಮೂಲೆಗೆ ಹಚ್ಚಿದ ಅರಿಸಿನ ಪಕ್ಕದಲ್ಲಿದ್ದ ಮ್ಯಾರೇಜ್ ಸರ್ಟಿಫಿಕೇಟಿನ ಜೆರಾಕ್ಸಿಗೂ ಹತ್ತಿತ್ತು. ಉತ್ತರ ಗೊತ್ತಿದ್ದೂ ಕೇಳಿದೆ: “ನಿಮ್ಮೆಜಮಾನ್ರು ಸಿಟಿಜನ್ ಅಲ್ಲ, ಅಲ್ವಾ?”

“ಅಲ್ಲ, ಗ್ರೀನ್ ಕಾರ್ಡು.”

“ಹಂಗಾದ್ರೆ ಇಲ್ಲಮ್ಮ.”

“ಯಾಕ್ ಮೇಡಂ, ನಾನೂ ಹೆಂಡ್ತಿನೇ ಅಲ್ವಾ?”

ಕೋವಿಡ್ ಕಾಲದಲ್ಲಿ ಗಂಡ ಅಮೆರಿಕದಲ್ಲಿ, ಹೆಂಡತಿ ಇಲ್ಲಿ ಅಂತ ಕೂತವರ ಮಾತು ಬಂದರೆ ಎಲ್ಲರೂ ರೋಗವನ್ನು ದೂರುತ್ತಾರೆ. ಅದು ಅರ್ಧ ನಿಜ. ಮಾರ್ಚ್ 20ರಂದು ಅಮೆರಿಕದ ವಿದೇಶಾಂಗ ಇಲಾಖೆ ಜಗತ್ತಿನೆಲ್ಲೆಡೆ ವಾಡಿಕೆಯ ವೀಸಾ ಕೆಲಸ ನಿಲ್ಲಿಸಿದ್ದು ಸೋಂಕಿನಿಂದಲೇ. ಆದರೆ ಏಪ್ರಿಲ್ 22ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಘೋಷಣೆಗೆ ಕೊಟ್ಟ ಕಾರಣ ಬೇರೆ. ನಮ್ಮವರೇ ಕೆಲಸ ಕಳಕೊಂಡಿದ್ದಾರೆ, ಹೊರಗಿನಿಂದ ಬಂದು ನೆಲೆಸುವವರು ಸದ್ಯಕ್ಕೆ ಬೇಡ ಅನ್ನುವುದು. 60 ದಿನ ಅಂತ ಶುರುವಾದದ್ದು ವರ್ಷದ ಕೊನೆಗೆ, ಅಲ್ಲಿಂದ ಮುಂದಿನ ಮಾರ್ಚಿಗೆ ಎಳೆಯಿತು. ಅದನ್ನು ಬೈಡನ್ ರದ್ದು ಮಾಡಿದ್ದು 2021ರ ಫೆಬ್ರವರಿ 24ಕ್ಕೆ.

ಆ ಘೋಷಣೆಯಲ್ಲಿ ಸಿಟಿಜನ್ನಿನ ಹೆಂಡತಿಗೆ ವಿನಾಯಿತಿ ಇತ್ತು. ಗ್ರೀನ್ ಕಾರ್ಡಿನವರ, ಅಂದರೆ ಪೌರತ್ವವಿಲ್ಲದೆ ಅಲ್ಲಿ ಕಾಯಂ ನೆಲೆಸುವ ಪರವಾನಗಿ ಇದ್ದವರ, ಹೆಂಡತಿಗೆ ಇರಲಿಲ್ಲ. ಎರಡೇ ತಿಂಗಳಿಗೆ, ಜೂನ್ 22ರಂದು, ಇನ್ನೊಂದು ಘೋಷಣೆ ಬಂದು ಅಮೆರಿಕದ ಹೊರಗಿದ್ದ ಎಚ್-1ಬಿ (ಉದ್ಯೋಗ ವೀಸಾ) ನೌಕರರಿಗೂ ಅವರ ಎಚ್-4 (ಅವಲಂಬಿತರ ವೀಸಾ) ಹೆಂಡತಿಯರಿಗೂ ಬಾಗಿಲು ಹಾಕಿತು. ಇನ್ನು ವಿನಾಯಿತಿ ಸಿಕ್ಕವರಾದರೂ ಹಾರಿಹೋದರೇ ಅಂದರೆ, ಅದೂ ಇಲ್ಲ. ನಮ್ಮ ಕಡೆಯವರಿಗೆ ಸಂದರ್ಶನ ನಡೆಯಬೇಕಾದ ಮುಂಬೈ ಕಾನ್ಸುಲೇಟಿನಲ್ಲಿ ಕಿಟಕಿಯೇ ತೆರೆದಿರಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಹೆಣ್ಣಿನ ಕಡೆಯವರು ಇದನ್ನು ಯಾವಾಗಲೂ ತಲೆಕೆಳಗಾಗಿಯೇ ತಿಳಿದುಕೊಂಡಿರುತ್ತಾರೆ. ಹುಡುಗನಿಗೆ ಗ್ರೀನ್ ಕಾರ್ಡ್ ಆಗಿದೆ ಅಂದರೆ ಮಗಳು ಬೇಗ ಹೋಗುತ್ತಾಳೆ ಅಂತ ಅವರ ಲೆಕ್ಕ. ಮಾಮೂಲಿ ದಿನಗಳಲ್ಲಿ ಬೇಗ ಹೋಗುವವಳು ಎಚ್-1ಬಿ ಹುಡುಗನ ಹೆಂಡತಿ: ಸಂದರ್ಶನದ ಸ್ಲಾಟ್ ಸಿಕ್ಕರೆ ಚೆನ್ನೈಗೆ ಹೋಗಿ ಪಾಸ್‌ಪೋರ್ಟಿಗೆ ಎಚ್-4 ವೀಸಾ ಸ್ಟಾಂಪಿಂಗ್ ಮಾಡಿಸಿ ವಿಮಾನ ಹತ್ತುತ್ತಾಳೆ. ಗ್ರೀನ್ ಕಾರ್ಡಿನವನ ಹೆಂಡತಿಗೆ ಎಚ್-4 ಇಲ್ಲ. ಟೂರಿಸ್ಟ್ ವೀಸಾ ಕೇಳಿದರೆ, ಗಂಡ ಅಲ್ಲೇ ನೆಲೆಸಿದ್ದಾನೆ, ನೀನು ವಾಪಸ್ ಬರುತ್ತೀಯೆಂದು ನಂಬುವುದು ಹೇಗೆ ಅಂತ ತಿರಸ್ಕರಿಸುತ್ತಾರೆ. ಅವಳಿಗೆ ಇರುವುದು ಗ್ರೀನ್ ಕಾರ್ಡಿನವರ ಹೆಂಡತಿ ಮಕ್ಕಳಿಗೆಂದು ಇರುವ ಎಫ್2ಎ ಎಂಬ ಕೋಟಾ ಸಾಲು ಮಾತ್ರ.

ಇದರಲ್ಲೂ ಒಂದು ತಿರುವು ಇದೆ. ಹುಡುಗನ ಗ್ರೀನ್ ಕಾರ್ಡ್ ಅವನ ನೌಕರಿಯ ಮೇಲೆ ಮಂಜೂರಾಗುವುದಕ್ಕಿಂತ ಒಂದು ದಿನ ಮೊದಲು ಮದುವೆಯಾಗಿದ್ದರೂ ಹೆಂಡತಿ ಅವನ ಬೆನ್ನಿಗೇ, ಅವನ ಸಾಲಿನಲ್ಲೇ ಬರಬಹುದು. ಒಂದು ದಿನ ತಡವಾದರೆ ಎಫ್2ಎ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಜಾತಕ, ತಾರಾಬಲ, ಲಗ್ನ ಎಲ್ಲ ನೋಡುವ ನಾವು ಈ ಒಂದು ತಾರೀಖು ಮಾತ್ರ ಕೇಳುವುದಿಲ್ಲ. ದಾವಣಗೆರೆ ಹುಡುಗಿಯ ಮದುವೆ ಆದದ್ದು ಗಂಡನಿಗೆ ಕಾರ್ಡ್ ಮಂಜೂರಾಗಿ ಹನ್ನೊಂದು ದಿನಕ್ಕೆ. ಕಾರ್ಡ್ ಕೈಗೆ ಬರಲಿ, ಆಮೇಲೆ ಇಟ್ಟುಕೊಳ್ಳೋಣ ಅಂತ ಹಿರಿಯರೇ ಕಾದಿದ್ದರಂತೆ.

ಸಂಕಟ ಅಂದರೆ, ಆಗ ಎಫ್2ಎ ಸಾಲು ಖಾಲಿಯಿತ್ತು. 2019ರ ಜುಲೈನಿಂದ ಅದು ‘ಕರೆಂಟ್’. ಅಂದರೆ ಕೋಟಾದಲ್ಲಿ ನಂಬರು ಇದೆ, ಕಾಗದ ಸರಿಯಾಗಿದ್ದರೆ ಬನ್ನಿ ಅಂತ. ನಂಬರು ಇತ್ತು, ಕಾಗದ ಇತ್ತು, ಇವಳ ಸಂದರ್ಶನ ಮಾರ್ಚ್ ಕೊನೆಗೆ ಗೊತ್ತೂ ಆಗಿತ್ತು. ಬಳಕೆಯಾಗದ ಆ ನಂಬರುಗಳು ಎಲ್ಲಿಗೆ ಹೋದವು? ಸೆಪ್ಟೆಂಬರ್ 30ಕ್ಕೆ ಅಮೆರಿಕದ ಸರ್ಕಾರಿ ವರ್ಷ ಮುಗಿಯಿತು. ಕುಟುಂಬದ ಕೋಟಾದಲ್ಲಿ ಉಳಿದದ್ದು ಮರುವರ್ಷ ನೌಕರಿಯ ಕೋಟಾಕ್ಕೆ ಸೇರಬೇಕು ಅಂತ ಕಾನೂನು. ಪ್ರತಿವರ್ಷ ಸುಮಾರು 1,40,000 ಇರುವ ನೌಕರಿಯ ಗ್ರೀನ್ ಕಾರ್ಡ್ 2021ರಲ್ಲಿ 2,62,288ಕ್ಕೆ ಏರಿತು. ಹತ್ತು ವರ್ಷದಿಂದ ಕಾಯುತ್ತಿದ್ದ ನನ್ನ ಇನ್ನೊಬ್ಬ ಕ್ಲೈಂಟಿಗೆ ಆ ವರ್ಷವೇ ಕಾರ್ಡ್ ಬಂತು. ಧಾರವಾಡ ಪೇಡೆಯ ಡಬ್ಬಿ ಕಳಿಸಿದರು. ತಿಂದೆ. ಯಾರ ಪಾಲಿನದೋ ಅನ್ನಿಸಿದ್ದೂ ನಿಜ. ಅಷ್ಟೆಲ್ಲ ಆಗಿಯೂ ಆ ವರ್ಷ ಅರವತ್ತು ಸಾವಿರಕ್ಕೂ ಹೆಚ್ಚು ಕಾರ್ಡುಗಳು ಯಾರಿಗೂ ಸಿಗದೆ ಹಾಳಾದವು.

ಕಾಯುವುದು ಅಂದರೆ ಸುಮ್ಮನೆ ಕೂರುವುದಲ್ಲ, ಫೈಲನ್ನು ಬದುಕಿಸಿಟ್ಟುಕೊಳ್ಳುವುದು. ಮೆಡಿಕಲ್ ಪರೀಕ್ಷೆಯ ಆಯುಸ್ಸು ಸಾಮಾನ್ಯವಾಗಿ ಆರು ತಿಂಗಳು. ಇವಳು ಮಾರ್ಚ್ ಮೊದಲ ವಾರ ಮಾಡಿಸಿದ್ದು ಸೆಪ್ಟೆಂಬರಿಗೆ ಸತ್ತಿತು. ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟು, ಹಳೆಯದಾಯಿತು. ಗಂಡನ ಟ್ಯಾಕ್ಸ್ ಪೇಪರು ಹೊಸ ವರ್ಷದ್ದು ಬೇಕಾಯಿತು. ನಡುವೆ ಅವನು ಕಂಪನಿ ಬದಲಿಸಿದ್ದರಿಂದ ಸಂಬಳದ ಪತ್ರವೂ ಬದಲು. ಮದುವೆ ನಿಜ ಅಂತ ತೋರಿಸಲು ಫೋನ್ ಬಿಲ್ಲು, ವಾಟ್ಸ್‌ಆ್ಯಪ್ ಕರೆಗಳ ಪಟ್ಟಿ ಎಲ್ಲ ಇಟ್ಟುಕೊಳ್ಳಮ್ಮ ಅಂದರೆ, “ನಾವು ಜಗಳ ಆಡಿದ್ದೂ ಅದ್ರಲ್ಲೇ ಇದೆ ಮೇಡಂ” ಅಂದಳು. ಇರಲಿ, ಜಗಳಕ್ಕಿಂತ ಒಳ್ಳೆ ಸಾಕ್ಷಿ ಯಾವುದು ಅಂದೆ. 2020ರಲ್ಲಿ 50 ಜನರ ಮಿತಿಯಲ್ಲಿ ಮದುವೆಯಾದವರ ಫೈಲು ಇನ್ನೂ ಬಡಕಲು: ಮಾಸ್ಕ್ ಹಾಕಿದ ನಾಲ್ಕು ನೆಂಟರ ಫೋಟೊ, ಜೊತೆಗೊಂದು ಜೂಮ್ ಲಿಂಕು.

ಗಂಡನೇ ಬಂದು ಹೋಗಬಹುದಿತ್ತಲ್ಲ ಅಂತ ಕೇಳುತ್ತಾರೆ. ಹೊರದೇಶದಲ್ಲಿದ್ದವರನ್ನು ಕರೆತರಲು ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಸೀಟು ಹಿಡಿದು ಬಂದರೆ ಆಗ ಏಳು ದಿನ ಹೋಟೆಲ್ ಕ್ವಾರಂಟೈನ್, ಏಳು ದಿನ ಮನೆಯಲ್ಲಿ. ಅವನಿಗಿದ್ದ ರಜೆ ಮೂರು ವಾರ. ಬರಲಿಲ್ಲ. ಅತ್ತೆ ಅದನ್ನೇ ಹಿಡಿದುಕೊಂಡು, ಅವನಿಗೇ ಮನಸ್ಸಿಲ್ಲವೇನೋ ಅಂತ ನೆಂಟರ ಮುಂದೆ ಆಡಿದರಂತೆ. ವೀಸಾ ತಡದ ಈ ಭಾಗಕ್ಕೆ ಯಾವ ಫಾರಂ ಕೂಡ ಇಲ್ಲ. ಹಾಗಿದ್ದೂ ನನಗೆ ಬಂದ ಕರೆಗಳಲ್ಲಿ ಅರ್ಧ ಇಂಥವೇ. ಎರಡು ಸಲ ಅತ್ತೆಯೊಂದಿಗೂ ಮಾತಾಡಿದ್ದೇನೆ, ಫೀಸಿಲ್ಲದೆ.

ಎಚ್-4ನವರ ಕತೆ ಬೇರೆ ದಾರಿ ಹಿಡಿಯಿತು. ಗಂಡ ಜೂನ್‌ನಲ್ಲಿ ಅಮೆರಿಕದೊಳಗೇ ಇದ್ದರೆ ಹೆಂಡತಿಗೆ ಆ ಘೋಷಣೆ ತಟ್ಟುವುದಿಲ್ಲ ಅಂತ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಸ್ಪಷ್ಟಪಡಿಸಿತು. ಆಮೇಲಿನದು ಸ್ಲಾಟಿಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ನೋಡುವ ಕೆಲಸ. ತಂದೆಯ ಆಪರೇಷನ್ನಿಗೆಂದು ಬಂದು ಮೈಸೂರಿನಲ್ಲಿ ಸಿಕ್ಕಿಕೊಂಡ ಒಬ್ಬರಿಗೆ ಸ್ಟಾಂಪ್ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಟಿಕೆಟ್ ತೆಗೆಯುವಷ್ಟರಲ್ಲಿ, ಮೇ 4ರಿಂದ ಭಾರತದಲ್ಲಿದ್ದವರು ಅಮೆರಿಕದೊಳಗೆ ಬರುವುದಕ್ಕೇ ತಡೆ. ಆದರೆ ಅಮೆರಿಕನ್ ಸಿಟಿಜನ್ ಮಗುವಿನ ತಂದೆ ತಾಯಿಗೆ ಅದರಲ್ಲಿ ವಿನಾಯಿತಿ ಇತ್ತು. ಅಲ್ಲೇ ಹುಟ್ಟಿದ ಮೂರು ವರ್ಷದ ಮಗಳ ಪಾಸ್‌ಪೋರ್ಟ್ ತೋರಿಸಿ ಅಮ್ಮ ವಿಮಾನ ಹತ್ತಿದರು. ಮಕ್ಕಳಿಲ್ಲದ ಜೋಡಿಗಳಲ್ಲಿ ಕೈಯಲ್ಲಿ ಕಾಸಿದ್ದವರು ಮೆಕ್ಸಿಕೊಗೆ ಹೋಗಿ 14 ದಿನ ಇದ್ದು ಅಲ್ಲಿಂದ ಒಳಹೋದರು. ಉಳಿದವರು ಆ ತಡೆ ತೆಗೆದ ನವೆಂಬರ್ 8ರವರೆಗೂ ಕಾದರು.

ದಾವಣಗೆರೆ ಹುಡುಗಿಗೆ ಮುಂಬೈಯಿಂದ ಮತ್ತೆ ಕರೆ ಬಂದದ್ದು 2021ರ ಅಕ್ಟೋಬರಿನಲ್ಲಿ, ಎರಡನೇ ಅಲೆಯೂ ಕಳೆದ ಮೇಲೆ. ಕಾನ್ಸುಲೇಟಿನಿಂದ ಹೊರಬಂದವಳೇ ಫೋನ್ ಮಾಡಿದಳು. “ಎರಡೇ ಪ್ರಶ್ನೆ ಮೇಡಂ. ಗಂಡನ ಕೆಲಸ ಏನು, ಕೊನೇ ಸಲ ನೋಡಿದ್ದು ಯಾವಾಗ.” ತಾರೀಖನ್ನು ಅವಳು ದಿನದ ಸಮೇತ ಹೇಳಿದ್ದಳಂತೆ. ನಾನು ಕೇಳಿದ್ದು ಮಾತ್ರ ಹೊಸ ಮೆಡಿಕಲ್ ಯಾವಾಗ ಮುಗಿಯುತ್ತದೆ ಅಂತ. ವೀಸಾದ ಆಯುಸ್ಸು ಅದಕ್ಕೇ ಗಂಟು ಬಿದ್ದಿರುತ್ತದೆ, ಅಷ್ಟರೊಳಗೆ ಹೊರಡಬೇಕು.

ಎಫ್2ಎ ಸಾಲು 2023ರ ಏಪ್ರಿಲ್‌ನಲ್ಲಿ ಮತ್ತೆ ಹಿಂದಕ್ಕೆ ಸರಿಯಿತು, ನಂಬರಿಗಾಗಿ ಕಾಯುವಂತಾಯಿತು. ಈಗ ಕಾಯಲು ಮಹಾಮಾರಿಯೇ ಬೇಕಿಲ್ಲ. ಹಾಗಾಗಿ ನಿಶ್ಚಿತಾರ್ಥ ಮುಗಿಸಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಹುಡುಗನ ಕೇಸು ಎಲ್ಲಿಗೆ ಬಂದಿದೆ ಅಂತ. ಮೊನ್ನೆ ಹಾಸನದಿಂದ ತಂದೆಯೊಬ್ಬರು ಬಂದಿದ್ದರು. ಹುಡುಗನ ಗ್ರೀನ್ ಕಾರ್ಡ್ ಇನ್ನೆರಡು ಮೂರು ತಿಂಗಳಲ್ಲಿ ಬಂದರೂ ಬರಬಹುದು. ಪುರೋಹಿತರು ಶ್ರಾವಣಕ್ಕೆ ಮುಹೂರ್ತ ಇಟ್ಟಿದ್ದಾರೆ.

“ಮಂಟಪದ ಮದುವೆ ಶ್ರಾವಣದಲ್ಲೇ ಮಾಡಿ, ನನ್ನ ಅಡ್ಡಿಯಿಲ್ಲ. ಆದ್ರೆ ಸ್ಪೆಷಲ್ ಮ್ಯಾರೇಜ್ ಆ್ಯಕ್ಟಲ್ಲಿ ಈಗ್ಲೇ ನೋಟಿಸ್ ಕೊಡಿ. 30 ದಿನ ಆದ್ಮೇಲೆ ಹುಡುಗ ಬಂದ್ರೆ ಆಫೀಸಲ್ಲಿ ಸೈನ್ ಹಾಕಿ ಮುಗಿಸಬಹುದು.”

ಅವರು ಬೆರಳು ಮಡಿಚಿ ಲೆಕ್ಕ ಹಾಕಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಆಷಾಢದಲ್ಲಾ ಮೇಡಂ?”