ಕುಡಿತ ಬಿಟ್ಟ ಮೂರನೇ ದಿನ ಅಣ್ಣನಿಗೆ ಗೋಡೆ ತುಂಬಾ ಇರುವೆ ಕಾಣುತ್ತಿದೆ, ಇದು ಗಾಳಿ ಸೋಕಿದ್ದಾ?

ಪ್ರಶ್ನೆ: ನಮ್ಮಣ್ಣ ಹದಿನೈದು ವರ್ಷದಿಂದ ದಿನಾ ಕುಡಿಯುತ್ತಿದ್ದ. ಅಯ್ಯಪ್ಪ ಮಾಲೆ ಹಾಕಿ ಒಮ್ಮೆಲೇ ಬಿಟ್ಟಿದ್ದಾನೆ. ಮೂರನೇ ದಿನದಿಂದ ನಿದ್ದೆ ಇಲ್ಲ, ಗೋಡೆ ಮೇಲೆ ಇರುವೆ ಹರಿಯುತ್ತಿವೆ ಅಂತಾನೆ. ಗಾಳಿ ಸೋಕಿದೆ ಅಂತಾರೆ ಮನೆಯವರು. ಏನು ಮಾಡಲಿ? (ಸುಂಟಿಕೊಪ್ಪ ಕಡೆಯ ಓದುಗರು)

ಅಕ್ಕಾ, ಮೊದಲು 108ಕ್ಕೆ ಫೋನ್ ಮಾಡಿ. ಉಳಿದದ್ದನ್ನು ಆಂಬುಲೆನ್ಸ್ ಬರುವಷ್ಟರಲ್ಲಿ ಓದಿ.

ಇದು ಗಾಳಿಯಲ್ಲ. ವರ್ಷಗಟ್ಟಲೆ ಕುಡಿದವರ ಮಿದುಳು ಮದ್ಯ ತರುವ ಮಂಪರಿನ ಎದುರು ಜೋರಾಗಿ ಓಡುವುದನ್ನು ಕಲಿತಿರುತ್ತದೆ. ಮದ್ಯ ಥಟ್ಟನೆ ನಿಂತರೆ ಘಾಟಿ ಇಳಿಯುವಾಗ ಬ್ರೇಕ್ ಹೋದ ಜೀಪಿನ ಹಾಗೆ. ಡಾಕ್ಟರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು, ಸಮಯಕ್ಕೆ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ.

ಜನ ಮೋಸ ಹೋಗುವುದು ದಿನದ ಲೆಕ್ಕದಲ್ಲಿ. ಕೊನೆಯ ಗ್ಲಾಸಿನ ನಂತರ 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಫಿಟ್ಸ್ ಬಂದರೆ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ. ಅದು ದಾಟಿತು, ಇನ್ನು ಸರಿ ಹೋಗುತ್ತಾನೆ ಅಂತ ಮನೆಯವರು ಉಸಿರು ಬಿಡುವ ಹೊತ್ತಿಗೆ, 48ರಿಂದ 96 ಗಂಟೆಯ ನಡುವೆ, ನಿಜವಾದ ಅಪಾಯ ಬರುತ್ತದೆ. ದಿನಾ ಕುಡಿಯುವವರು ಕಾಲು ಮುರಿದು ಆಸ್ಪತ್ರೆ ಸೇರಿದರೂ ಹೀಗೇ ಆಗಬಹುದು, ಯಾಕೆಂದರೆ ಅಲ್ಲಿ ಕುಡಿಯಲು ಸಿಗುವುದಿಲ್ಲ ಅಲ್ವಾ.

ಬರೀ ನಡುಕಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಇವತ್ತು ಯಾವ ವಾರ, ಇದು ಯಾರ ಮನೆ, ನಾನು ಯಾರು ಅಂತ ಕೇಳಿ. ಉತ್ತರ ತಪ್ಪಿದರೆ, ಗಳಿಗೆಗೊಂದು ಮಾತಾಡಿದರೆ, ಅದೇ ದೊಡ್ಡ ಗುರುತು. ಜೊತೆಗೆ ಮೈ ಸುಡುತ್ತದೆ, ಎದೆ ಡವಗುಟ್ಟುತ್ತದೆ, ಬಟ್ಟೆ ಒದ್ದೆಯಾಗುವಷ್ಟು ಬೆವರು. ನಮ್ಮ ಪಕ್ಕದ ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಒಬ್ಬರು ಮಂಚದ ಮೇಲೆ ಕೂತು, ಕಂಬಳಿಯ ನೂಲನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕೆ ಹಾಕುತ್ತಿದ್ದರು. ಏನು ಮಾಡ್ತಿದ್ದೀರಿ ಅಂದರೆ, "ಕಾಫಿ ಕುಯ್ಯುತ್ತಿದ್ದೇನೆ, ಚೀಲ ಹಿಡಿ" ಅಂದರು. ದಿನಾ ಮಾಡುವ ಕೆಲಸವನ್ನೇ ಕೈ ಮಾಡುತ್ತಿತ್ತು. ಆ ಬೆರಳುಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ. ಇರುವೆ ಕಂಡರೂ ಬುದ್ಧಿ ಸರಿಯಿದೆ ಅನ್ನಿಸಿದರೆ? ಆಗಲೂ ಆಸ್ಪತ್ರೆಯೇ, ಕಾದು ನೋಡುವುದು ಬೇಡ.

ಅಲ್ಲಿಯವರೆಗೆ ದೀಪ ಹಾಕಿಡಿ, ಒಬ್ಬರು ಪಕ್ಕದಲ್ಲೇ ಇರಿ. ಇರುವೆ ಇಲ್ಲ ಅಂತ ವಾದ ಬೇಡ. ಕಟ್ಟಿ ಹಾಕಬೇಡಿ. ಒಂದು ಪೆಗ್ ಕೊಟ್ಟರೆ ಸುಮ್ಮನಾಗುತ್ತಾನೆ ಅಂತ ಬಾಯಿಗೆ ಸುರಿಯಬೇಡಿ, ಉಸಿರಿನ ದಾರಿಗೆ ಹೋದೀತು. ಮನೆಯಲ್ಲಿರುವ ನಿದ್ದೆ ಮಾತ್ರೆಯೂ ಬೇಡ. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ, ಬೀಗದ ಕೈ ಹಿಡಿಸುವುದರಿಂದ ಏನೂ ಪ್ರಯೋಜನವಿಲ್ಲ.

ರಾತ್ರಿ ತೋಟದ ದಾರಿಯಲ್ಲಿ ಆನೆ ಇರುತ್ತದೆ, ಬೆಳಗಾಗಲಿ ಅನ್ನಿಸುತ್ತದೆ, ನನಗೆ ಗೊತ್ತು. ಆದರೂ ಕಾಯಬೇಡಿ. ಆಂಬುಲೆನ್ಸ್ ಬರುವುದು ತಡವಾದರೆ ರೈಟರನ್ನು (ತೋಟದ ಲೆಕ್ಕ ಬರೆಯುವವರನ್ನು) ಎಬ್ಬಿಸಿ ಜೀಪ್ ಕೇಳಿ, ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಅಲ್ಲಿ ಕುಡಿತದ ವಿಷಯ ಮುಚ್ಚಿಡಬೇಡಿ. ಎಷ್ಟು ಕುಡಿಯುತ್ತಿದ್ದ, ಕೊನೆಯದಾಗಿ ಯಾವಾಗ ಅಂತ ಮೊದಲೇ ಹೇಳಿ. ಇಂಥವರಿಗೆ ಸುಮ್ನೆ ಗ್ಲೂಕೋಸ್ ಬಾಟಲಿ ಮಾತ್ರ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೂಡ ಬೇಕು.

ಮಾಲೆ ಹಾಕಿದ್ದು ತಪ್ಪಲ್ಲ, ಬಿಡುವ ಮನಸ್ಸು ಮಾಡಿದ್ದೂ ದೊಡ್ಡದು. ಅವನು ಚೇತರಿಸಿಕೊಂಡ ಮೇಲೆ ಮುಂದಿನ ದಾರಿಗೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಈಗ ಅಣ್ಣನ ಕೈ ಹಿಡಿದುಕೊಂಡು ಕೂತಿರಿ, ಗಾಡಿ ಬರುತ್ತದೆ.