ಚೀಟಿಯಲ್ಲಿ ಬರೆಯದ ಮಂಡಿನೋವು

ನಮ್ಮ ಎಕ್ಸ್‌ರೇ ವಿಭಾಗಕ್ಕೆ ಬರುವ ಚೀಟಿಗಳಲ್ಲಿ ಬಹಳಷ್ಟು ಹೀಗಿರುತ್ತವೆ: ‘ಹೊಟ್ಟೆನೋವು. ಎಕ್ಸ್‌ರೇ.’ ಅಷ್ಟೇ. ನೋವು ಯಾವ ಕಡೆ, ಎಷ್ಟು ದಿನದಿಂದ, ಬರೆದವರಿಗೆ ಯಾವ ಕಾಯಿಲೆಯ ಗುಮಾನಿ, ಒಂದೂ ಇರುವುದಿಲ್ಲ. ಕೆಳಗೆ ಹೌಸ್ ಸರ್ಜನ್ನರ, ಅಂದರೆ ತರಬೇತಿಯಲ್ಲಿರುವ ಹೊಸ ಡಾಕ್ಟರುಗಳ, ಗೀಚು ಸಹಿ.

ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಚೀಟಿಯೊಂದಿಗೆ ಅರವತ್ತರ ಆಸುಪಾಸಿನ ರೈತರೊಬ್ಬರು ಟ್ರಾಲಿಯಲ್ಲಿ ಬಂದರು. ಮಲಗಿಸಿಯೇ ಫಿಲ್ಮ್ ತೆಗೆದಿದ್ದರು. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ‘ನಾರ್ಮಲ್’ ಎಂದು ಬರೆದು ಕಳಿಸಬಹುದಿತ್ತು. ಆದರೆ ಆ ಮನುಷ್ಯ ಮಲಗಿದ್ದ ರೀತಿ ಸರಿಯಿರಲಿಲ್ಲ. ಕಿಡ್ನಿ ಕಲ್ಲಿನ ನೋವಿನವರು ಹೊರಳಾಡುತ್ತಾರೆ. ಇವರು ಉಸಿರಾಡಲೂ ಹೆದರಿ ಕೊರಡಿನ ಹಾಗೆ ಬಿದ್ದಿದ್ದರು.

‘ಯಜಮಾನ್ರೇ, ಮಾತ್ರೆ ಏನಾದ್ರೂ ತಗೊಳ್ತಿದ್ರಾ?’

‘ಏನಿಲ್ಲ ತಾಯಿ. ಮಂಡಿನೋವಿಗೆ ಮೆಡಿಕಲ್ ಶಾಪಿನೋರು ಕೊಟ್ಟಿದ್ದು ಒಂದೇಯ. ಮೂರು ತಿಂಗ್ಳಾಯ್ತು.’

ಅಲ್ಲಿಗೆ ಅರ್ಧ ಕಾಯಿಲೆ ಸಿಕ್ಕಿತು. ನೋವಿನ ಮಾತ್ರೆಯಿಂದ ಜಠರದಲ್ಲಿ ಹುಣ್ಣಾಗಬಹುದು; ಹುಣ್ಣು ತೂತಾದರೆ ಗಾಳಿ ಹೊಟ್ಟೆಯ ಪೊಳ್ಳಿಗೆ ಸೋರುತ್ತದೆ. ಮಲಗಿದವರಲ್ಲಿ ಆ ಗಾಳಿ ಕರುಳಿನ ಮುಂದೆ ಹರಡಿಕೊಂಡು ಕಣ್ಣಿಗೆ ಸಿಗದಂತಾಗುತ್ತದೆ. ಕೂರಿಸಿದರೆ ಮೇಲೇರಿ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಕೆಳಗೆ ನಿಲ್ಲುತ್ತದೆ. ಅವರನ್ನು ಹತ್ತು ನಿಮಿಷ ನೆಟ್ಟಗೆ ಕೂರಿಸಿ, ಎದೆಯ ಎಕ್ಸ್‌ರೇ ತೆಗೆಸಿದೆ. ಬಲಗಡೆ, ಲಿವರಿನ ಮೇಲೆ, ಕತ್ತರಿಸಿದ ಉಗುರಿನಂಥ ಸಣ್ಣ ಕಪ್ಪು ಗೆರೆ. ಎಡಗಡೆಯಾಗಿದ್ದರೆ ಜಠರದೊಳಗಿನ ಸಹಜ ಗಾಳಿ ಇರಬಹುದೆಂದು ತಡೆದು ನೋಡಬೇಕಿತ್ತು. ಬಲಗಡೆ ಆ ಜಾಗದಲ್ಲಿ ಗಾಳಿಗೆ ಸಾಮಾನ್ಯವಾಗಿ ಕೆಲಸವಿಲ್ಲ. ಸಂಜೆಯೊಳಗೆ ಆಪರೇಷನ್ ಆಯಿತು.

ಆಮೇಲೆ ಚೀಟಿ ಬರೆದಿದ್ದ ಹುಡುಗನನ್ನು ಕರೆಸಿ ಎರಡೂ ಫಿಲ್ಮುಗಳನ್ನು ವ್ಯೂ ಬಾಕ್ಸಿಗೆ ಸಿಕ್ಕಿಸಿದೆ. ಎರಡನೆಯದರ ಗೆರೆಯನ್ನು ಅವನು ಕ್ಷಣದಲ್ಲಿ ಹೇಳಿಬಿಟ್ಟ. ಪರೀಕ್ಷೆಯ ಬಹುಆಯ್ಕೆ ಪ್ರಶ್ನೆಗಳಲ್ಲಿ ನೂರು ಸಲ ನೋಡಿದ ಚಿತ್ರ ಅದು. ಅದನ್ನು ಕಾಣಬೇಕಾದರೆ ರೋಗಿಯನ್ನು ಕೂರಿಸಿ ತೆಗೆಯಲು ಹೇಳಬೇಕು ಎಂಬುದು ಮಾತ್ರ ಹೊಳೆದಿರಲಿಲ್ಲ.

ಹುಡುಗನ ತಪ್ಪಿಗಿಂತ ನಾವು ಕಲಿಸುವ ಕ್ರಮದ ತಪ್ಪು ದೊಡ್ಡದು. ಎಂಬಿಬಿಎಸ್‌ನಲ್ಲಿ ರೇಡಿಯಾಲಜಿಗೆ ಸಿಗುವುದು ಒಂದೆರಡು ವಾರದ ಪೋಸ್ಟಿಂಗ್. ಅದರದ್ದೇ ಪೇಪರ್ ಇಲ್ಲವಾದ್ದರಿಂದ ಹಾಜರಿ ಹಾಕಿಸಿಕೊಂಡು ಲೈಬ್ರರಿಗೆ ಓಡುವವರೇ ಹೆಚ್ಚು. ತಮಾಷೆ ಏನೆಂದರೆ, ಪಿಜಿ ಸೀಟಿನ ಹೊತ್ತಿಗೆ ಮೊದಲ ರ‍್ಯಾಂಕುಗಳವರು ಮುಗಿಬೀಳುವುದು ಇದೇ ವಿಷಯಕ್ಕೆ. ವಾರ್ಡಿನ ಗೋಳಿಲ್ಲ, ನೆಮ್ಮದಿಯ ಕೆಲಸ ಎಂಬ ಲೆಕ್ಕಾಚಾರ. ರಾತ್ರಿ ಎರಡಕ್ಕೆ ಬೈಕ್ ಅಪಘಾತದ ಸಿಟಿ ಸ್ಕ್ಯಾನ್ ನೋಡುತ್ತ ಕೂತಾಗ ಆ ನೆಮ್ಮದಿಯನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಈಗ ಮೊದಲ ದಿನ ನಾನು ಒಂದೂ ಚಿತ್ರ ತೋರಿಸುವುದಿಲ್ಲ. ಹೆಸರು ಮರೆಮಾಡಿದ ಹಳೆಯ ಚೀಟಿಗಳನ್ನು ಹಂಚಿ, ‘ಈ ರೋಗಿಯ ಬಗ್ಗೆ ನಿಮಗೇನು ಗೊತ್ತಾಗಬೇಕು? ಅದನ್ನು ಯಾವ ಪರೀಕ್ಷೆ ಹೇಳುತ್ತೆ?’ ಎಂದು ಕೇಳುತ್ತೇನೆ. ಕ್ಲಾಸಿಗೆ ಕ್ಲಾಸೇ ಒಂದೇ ಉತ್ತರ: ‘ಸಿಟಿ, ಮ್ಯಾಮ್.’ ಹೊಟ್ಟೆಯ ಸಿಟಿಯೊಂದರ ವಿಕಿರಣ ಸಾಮಾನ್ಯವಾಗಿ 8ರಿಂದ 10 ಮಿಲಿಸೀವರ್ಟ್, ಎದೆಯ ಎಕ್ಸ್‌ರೇಯದು 0.1ರೊಳಗೆ ಅಂದಾಗ ಸದ್ದು ಸ್ವಲ್ಪ ಅಡಗುತ್ತದೆ. ಪಿತ್ತಕೋಶದ ಎಷ್ಟೋ ಕಲ್ಲುಗಳು ಸಿಟಿಯಲ್ಲಿ ಕಾಣುವುದೇ ಇಲ್ಲ, ಅಗ್ಗದ ಅಲ್ಟ್ರಾಸೌಂಡೇ ಅವನ್ನು ಹಿಡಿಯುತ್ತದೆ ಅಂದರೆ ನಂಬುವುದಿಲ್ಲ. ಅಕ್ಕಪಕ್ಕ ಇಟ್ಟು ತೋರಿಸಬೇಕಾಗುತ್ತದೆ.

ಮೈಮೇಲೆ ಆಡಿಸುವ ಅಲ್ಟ್ರಾಸೌಂಡ್ ಪ್ರೋಬನ್ನು ಹಲವು ದೇಶಗಳಲ್ಲಿ ಅನಾಟಮಿ ಕಲಿಯುವಾಗಲೇ ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆ. ನಮ್ಮಲ್ಲಿ ಅದು ಸಲೀಸಲ್ಲ. ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಯಂತ್ರ ಇಟ್ಟ ಜಾಗ ನೋಂದಣಿಯಾಗಿರಬೇಕು, ಹಿಡಿಯುವವರಿಗೆ ಅರ್ಹತೆ ಇರಬೇಕು, ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಫಾರಂ ಎಫ್ ತುಂಬಬೇಕು. ಫಾರಂ ತುಂಬಿ ತುಂಬಿ ನನಗೂ ಬೇಸರವಾಗಿದೆ. ಆದರೂ ‘ಗಂಡೋ ಹೆಣ್ಣೋ ಒಂದು ಮಾತು ಹೇಳಿ’ ಎಂದು ಸೊಸೆಯ ಬೆನ್ನ ಹಿಂದೆ ಪಿಸುಗುಟ್ಟುವ ಅತ್ತೆಯಂದಿರು ಇರುವವರೆಗೆ ಕಾಯ್ದೆಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ನೋಡುತ್ತಾರೆ, ಸದ್ಯಕ್ಕೆ ಅಷ್ಟೇ.

ಚೀಟಿಯಲ್ಲಿ ಎಲ್ಲ ಬರೆದುಬಿಟ್ಟರೆ ಸಾಕೇ ಅಂದರೆ, ಅದರಲ್ಲೂ ಒಂದು ಗುಂಡಿಯಿದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಶ್ವಾಸಕೋಶದ ಗಂಟು ಹುಡುಕಿ ಎಂದು 24 ರೇಡಿಯಾಲಜಿಸ್ಟ್‌ಗಳಿಗೆ ಸಿಟಿ ಕೊಟ್ಟರು. ಅದರೊಳಗೆ ಗಂಟಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರ ಸೇರಿಸಿದ್ದರು. 20 ಮಂದಿಗೆ ಗೊರಿಲ್ಲಾ ಕಾಣಲಿಲ್ಲ! ಕಣ್ಣು ಹಾದುಹೋಗಿತ್ತು, ಮನಸ್ಸು ಗಂಟಿನ ಹಿಂದೆ ಬಿದ್ದಿತ್ತು. ಅದಕ್ಕೇ ನಮ್ಮ ಪಿಜಿಗಳಿಗೆ ಹೇಳಿಕೊಟ್ಟಿರುವುದು: ಚೀಟಿ ಮಗುಚಿಟ್ಟು ಒಮ್ಮೆ ನೋಡಿ, ಓದಿಕೊಂಡು ಇನ್ನೊಮ್ಮೆ ನೋಡಿ.

‘ಮ್ಯಾಮ್, ಎಐ ಬಂದ ಮೇಲೆ ರೇಡಿಯಾಲಜಿ ತಗೊಂಡ್ರೆ ಕೆಲಸ ಇರುತ್ತಾ?’ ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಏಳುತ್ತದೆ. ರೇಡಿಯಾಲಜಿಸ್ಟ್‌ಗಳ ತರಬೇತಿಯನ್ನೇ ನಿಲ್ಲಿಸಬೇಕು ಎಂದು ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಹೇಳಿದ್ದು 2016ರಲ್ಲಿ. 2024ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮುಂದಿನ ಕ್ಯೂ ಕರಗಲಿಲ್ಲ. ಹಾಗೆಂದು ನಗುವಂತಿಲ್ಲ. ಕ್ಷಯದ ತಪಾಸಣೆಯಲ್ಲಿ 15 ವರ್ಷ ದಾಟಿದವರ ಎದೆ ಎಕ್ಸ್‌ರೇಯನ್ನು ಮನುಷ್ಯರ ಬದಲು ಸಾಫ್ಟ್‌ವೇರೇ ಓದಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಒಪ್ಪಿದೆ. ಒಂದೇ ಬಗೆಯ ಸಾವಿರ ಚಿತ್ರ ಸೋಸುವ ಕೆಲಸ ಯಂತ್ರಕ್ಕೇ ಹೋಗಲಿ. ಆದರೆ ಆ ರೈತರ ಮೊದಲ ಫಿಲ್ಮನ್ನು ಯಂತ್ರಕ್ಕೆ ಕೊಟ್ಟಿದ್ದರೆ ಅದಕ್ಕೂ ಬಹುಶಃ ಏನೂ ಸಿಗುತ್ತಿರಲಿಲ್ಲ. ಎದ್ದುಹೋಗಿ ಮಾತ್ರೆಯ ವಿಚಾರವನ್ನಂತೂ ಅದು ಕೇಳುತ್ತಿರಲಿಲ್ಲ.

ನನ್ನ ಅಳುಕು ಬೇರೆ ಕಡೆ ಇದೆ. ಫಿಲ್ಮಿನ ಕಾಲದಲ್ಲಿ ಸರ್ಜನ್ನರು, ಫಿಜಿಷಿಯನ್ನರು ನಮ್ಮ ಕತ್ತಲೆ ಕೋಣೆಗೇ ಬಂದು ವ್ಯೂ ಬಾಕ್ಸಿನ ಮುಂದೆ ಜಗಳವಾಡುತ್ತಿದ್ದರು. ಈಗ ಚಿತ್ರ ಅವರವರ ಕಂಪ್ಯೂಟರಿಗೆ ಹೋಗುತ್ತದೆ, ನಾವು ಒಳಗೆ ಕೂತು ರಿಪೋರ್ಟ್ ಟೈಪಿಸುತ್ತೇವೆ. ಆ ಜಗಳದಲ್ಲೇ ವಿದ್ಯಾರ್ಥಿಗಳು ಅರ್ಧ ರೇಡಿಯಾಲಜಿ ಕಲಿಯುತ್ತಿದ್ದರು. ಹಾಗಾಗಿ, ಚೀಟಿ ಬರೆಯುವ ಮುಂಚೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ, ಎಂದು ಹೌಸ್ ಸರ್ಜನ್ನರಿಗೆ ಹೇಳಿಟ್ಟಿದ್ದೇನೆ.

ಮೊನ್ನೆ ರಾತ್ರಿ ಒಂದೂವರೆಗೆ ಫೋನ್ ಬಂತು. ‘ಮ್ಯಾಮ್, ಇಪ್ಪತ್ತೆರಡು ವರ್ಷದ ಹುಡುಗಿ, ಬಲಗಡೆ ಕೆಳಹೊಟ್ಟೆ ನೋವು. ಅಪೆಂಡಿಕ್ಸ್ ಅನ್ಸುತ್ತೆ. ನೇರ ಸಿಟಿ ಬರೀಲಾ, ಅಲ್ಟ್ರಾಸೌಂಡ್ ಸಾಕಾ?’

‘ಮುಟ್ಟು ಯಾವಾಗ ಆಗಿತ್ತಂತೆ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಲೈನಲ್ಲೇ ಇರಿ ಮ್ಯಾಮ್, ಕೇಳ್ಕೊಂಡು ಬಂದೆ.’