ಎಂಜಿನ್ ಎಷ್ಟು ಹಿಂದೆ ಕೂರಬೇಕು? ಬ್ಯಾಸ್ ದೋಣಿಯ ಸೆಟ್‌ಬ್ಯಾಕ್ ಕುರಿತ ಅಧ್ಯಯನ ಟಿಪ್ಪಣಿ

ಬ್ಯಾಸ್ ದೋಣಿ ಎಂದರೆ ಅಮೆರಿಕದ ಸಿಹಿನೀರಿನ ಸರೋವರ, ಜಲಾಶಯಗಳಲ್ಲಿ ಬ್ಯಾಸ್ ಮೀನು ಹಿಡಿಯಲೆಂದೇ ರೂಪುಗೊಂಡ, ತಗ್ಗು ಮೈಯ ವೇಗದ ದೋಣಿ. 20–21 ಅಡಿಯ ಫೈಬರ್‌ಗ್ಲಾಸ್ ಮೈಗೆ 250 ಅಶ್ವಶಕ್ತಿಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ) ಎಂಜಿನ್ ಜೋಡಿಸಿದರೆ ಗಂಟೆಗೆ 110 ಕಿ.ಮೀ. ದಾಟುವುದೂ ಉಂಟು. ಆ ವೇಗದಲ್ಲಿ ದೋಣಿಯ ಬಹುಪಾಲು ನೀರಿನಿಂದ ಮೇಲೆದ್ದಿರುತ್ತದೆ. ತಳದ ಹಿಂಭಾಗದ ನಡುವಿನಲ್ಲಿ ‘ಪ್ಯಾಡ್’ ಎಂಬ ಚಪ್ಪಟೆ ಪಟ್ಟಿಯಿದೆ. ಹೆಚ್ಚುಕಡಿಮೆ ಅದೊಂದೇ ನೀರನ್ನು ಸವರಿಕೊಂಡು ಓಡುತ್ತದೆ.

ದೋಣಿಯ ಹಿಂಗೋಡೆಗೆ ‘ಟ್ರಾನ್ಸಮ್’ ಎನ್ನುತ್ತಾರೆ. ಎಂಜಿನ್ನನ್ನು ಅದಕ್ಕೇ ನೇರವಾಗಿ ಬೋಲ್ಟ್ ಮಾಡಬಹುದು, ಇಲ್ಲವೇ ನಡುವೆ ‘ಜ್ಯಾಕ್ ಪ್ಲೇಟ್’ ಎಂಬ ಲೋಹದ ಚೌಕಟ್ಟು ಕೂರಿಸಿ ಹಿಂದಕ್ಕೆ ತಳ್ಳಬಹುದು. ಹೀಗೆ ಹಿಂದಕ್ಕೆ ಸರಿದ ದೂರವೇ ಸೆಟ್‌ಬ್ಯಾಕ್. ಸಾಮಾನ್ಯವಾಗಿ 4, 6, 8, 10, 12 ಇಂಚುಗಳಲ್ಲಿ ಸಿಗುತ್ತದೆ. ಯಾವುದರಿಂದ ವೇಗ ಹೆಚ್ಚುತ್ತದೆ ಎಂದು ಕಲಿಯುವವರೆಲ್ಲ ಮೊದಲು ಕೇಳುತ್ತಾರೆ. ನಾನೂ ಅಲ್ಲಿಂದಲೇ ಶುರುಮಾಡಿದೆ. ಆದರೆ ಮೊದಲು ಕೇಳಬೇಕಾದದ್ದು, ಈ ದೋಣಿ ತನ್ನ ಬೆನ್ನ ಹಿಂದೆ ಎಷ್ಟು ಭಾರ ಹೊರಬಲ್ಲದು ಎಂಬುದನ್ನು.

ಲಾಭ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಓಡುವ ದೋಣಿ ತನ್ನ ಕೆಳಗಿನ ನೀರನ್ನು ಅದುಮುತ್ತಾ ಹೋಗುತ್ತದೆ. ತಳ ದಾಟಿದ ಕೂಡಲೇ ಆ ಒತ್ತಡ ಬಿಟ್ಟು ನೀರು ಮೇಲೇಳತೊಡಗುತ್ತದೆ. ಹಾಗಾಗಿ ಟ್ರಾನ್ಸಮ್‌ಗೆ ಅಂಟಿದ ಎಂಜಿನ್ನಿಗಿಂತ ಹಿಂದೆ ಸರಿದ ಎಂಜಿನ್ನಿಗೆ ಎತ್ತರದ ನೀರು ಸಿಗುತ್ತದೆ. ಪ್ರೊಪೆಲ್ಲರ್‌ನ ಮುಳುಗು ಆಳವನ್ನು ಬದಲಿಸದೆಯೇ ಎಂಜಿನ್ನನ್ನು ತುಸು ಮೇಲೆತ್ತಬಹುದು. 8ರಿಂದ 10 ಇಂಚು ಹಿಂದೆ ಸರಿದರೆ ಸುಮಾರು 1 ಇಂಚು ಮೇಲೆ ಎಂಬುದು ಕೈಯಳತೆಯ ಲೆಕ್ಕ. ಎಂಜಿನ್ನಿನ ಕೆಳಭಾಗ ನೀರಿನಲ್ಲಿ ಕಡಿಮೆ ಮುಳುಗಿದಷ್ಟೂ ಎಳೆತ ಕಡಿಮೆ. ವೇಗ ಹೆಚ್ಚುವುದು ಮುಖ್ಯವಾಗಿ ಈ ದಾರಿಯಲ್ಲಿ. ಎತ್ತರವನ್ನು ಹಾಗೇ ಬಿಟ್ಟು ಎಂಜಿನ್ನನ್ನು ಹಿಂದಕ್ಕಷ್ಟೇ ತಳ್ಳಿದರೆ ಆ ಲಾಭದ ದೊಡ್ಡ ಪಾಲು ಕೈತಪ್ಪುತ್ತದೆ.

ಇನ್ನು ಭಾರದ ಮಾತು. ಹಿಂದೆ ಬಾವಿಗೆ ಹಾಕುತ್ತಿದ್ದ ಏತವನ್ನು ನೆನೆಯಿರಿ. ಏತದ ಮರದ ಮೇಲೆ ನಿಂತವನ ಮೈಭಾರ ಅಷ್ಟೇ ಇರುತ್ತದೆ. ಅವನು ಹಿಂದಕ್ಕೆ ಹೆಜ್ಜೆಯಿಟ್ಟಷ್ಟೂ ಮರ ಆ ಕಡೆ ವಾಲುತ್ತದೆ. ಎಂಜಿನ್ ವಿಷಯವೂ ಹೀಗೆಯೇ. ಮರ್ಕ್ಯುರಿ 250 ಪ್ರೊ ಎಕ್ಸ್‌ಎಸ್ ವಿ8 ಎಂಜಿನ್ನಿನ ತೂಕ ಸುಮಾರು 229 ಕೆ.ಜಿ. ಅದನ್ನು 10 ಇಂಚು, ಅಂದರೆ 0.254 ಮೀಟರ್ ಹಿಂದೆ ಸರಿಸಿದರೆ 229 × 0.254 = 58 ಕೆ.ಜಿ.-ಮೀಟರ್. ದೋಣಿಯೊಳಗಿನ 29 ಕೆ.ಜಿ.ಯ ಬ್ಯಾಟರಿಯೊಂದನ್ನು 2 ಮೀಟರ್ ಹಿಂದಕ್ಕೆ ಹೊತ್ತುಹಾಕಿದಷ್ಟೇ ಪರಿಣಾಮ. ಜ್ಯಾಕ್ ಪ್ಲೇಟಿನ ತೂಕವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಈ ಸನ್ನೆಗೋಲಿನ ಉದ್ದ ಅನುಕೂಲವನ್ನೂ ಕೊಡುತ್ತದೆ. ಎಂಜಿನ್ನನ್ನು ಹೊರಕ್ಕೆ ಓರೆ ಮಾಡಿದಾಗ ಪ್ರೊಪೆಲ್ಲರ್ ದೋಣಿಯ ಹಿಂಭಾಗವನ್ನು ಕೆಳಗೆಳೆದು ಮೂತಿಯನ್ನು ಎತ್ತುತ್ತದೆ. ತೋಳು ಉದ್ದವಾದಷ್ಟೂ ಎತ್ತುವುದು ಸುಲಭ. ಆದರೆ ಅತಿಯಾದರೆ ಹೊರಡುವಾಗ ಹಿಂಭಾಗ ಕುಸಿದು, ಮೂತಿ ಆಕಾಶ ನೋಡುತ್ತದೆ, ದೋಣಿ ನೀರಿನ ಮೇಲೇರಲು ತಡಮಾಡುತ್ತದೆ. ಓಟದಲ್ಲಿ ಮೂತಿ ಒಂದೇ ಲಯದಲ್ಲಿ ಎದ್ದು ಬೀಳತೊಡಗುತ್ತದೆ. ‘ಪಾರ್ಪಾಯ್ಸಿಂಗ್’ ಎನ್ನುವುದು ಇದನ್ನೇ. ಟ್ರಾನ್ಸಮ್ ಮೇಲಿನ ಒತ್ತಡವೂ ಹೆಚ್ಚುತ್ತದೆ. ಹಳೆಯ ದೋಣಿಯಾದರೆ ಒಳಗಿನ ಮರ ನೀರು ಕುಡಿದಿದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಇದನ್ನು ಯಾರೂ ತಳ್ಳಿಹಾಕಬೇಡಿ.

ಹಾಗಾದರೆ ಎಷ್ಟು? 16–17 ಅಡಿಯ ಹಗುರ ಅಲ್ಯುಮಿನಿಯಂ ದೋಣಿಗೆ 4ರಿಂದ 6 ಇಂಚು ಸಾಕು. 20–21 ಅಡಿಯ ಪ್ಯಾಡ್ ಇರುವ ಫೈಬರ್‌ಗ್ಲಾಸ್ ದೋಣಿ 8ರಿಂದ 12ನ್ನು ತಾಳಿಕೊಳ್ಳುತ್ತದೆ. ಕೆಲವು ದೋಣಿಗಳ ತಳ ಟ್ರಾನ್ಸಮ್‌ಗಿಂತ ಮುಂಚೆಯೇ ಮುಗಿದಿರುತ್ತದೆ. ಆ ಅಂತರವೂ ಸೆಟ್‌ಬ್ಯಾಕೇ. ಅದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ 10 ಇಂಚು ಸೇರಿಸುವುದು ಹೊಸಬರು ಮಾಡುವ ತಪ್ಪು. ಎರಡು ಅಳತೆಗಳ ನಡುವೆ ತೂಗಾಡುತ್ತಿದ್ದರೆ ನಾನು ಚಿಕ್ಕದನ್ನೇ ಆರಿಸುತ್ತೇನೆ.

ಎತ್ತರ ಹೊಂದಿಸುವ ಕೆಲಸ ಟ್ರೈಲರ್ ಮೇಲೆಯೇ ಆರಂಭವಾಗುತ್ತದೆ. ಪ್ಯಾಡಿನ ಅಡಿಗೆ ನೇರವಾದ ಉದ್ದ ಪಟ್ಟಿಯನ್ನು ಒತ್ತಿಹಿಡಿದು ಹಿಂದಕ್ಕೆ ಚಾಚಿ. ಪ್ರೊಪೆಲ್ಲರ್ ಶಾಫ್ಟ್ ಆ ಪಟ್ಟಿಗೆ ಸಮಾಂತರವಾಗುವವರೆಗೆ ಎಂಜಿನ್ನನ್ನು ಓರೆ ಮಾಡಿ, ಶಾಫ್ಟಿನ ನಡುಬಿಂದು ಪಟ್ಟಿಗಿಂತ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಸುಮಾರು 3ರಿಂದ 4 ಇಂಚು ಕೆಳಗಿದ್ದರೆ ಶುರುಮಾಡಲು ಒಳ್ಳೆಯ ಜಾಗ. ಆಮೇಲೆ ನೀರಿನಲ್ಲಿ ಪ್ರತಿ ಸಲ ಕಾಲು ಇಂಚು ಮೇಲೆತ್ತುತ್ತಾ ಜಿಪಿಎಸ್ ವೇಗ, ಎಂಜಿನ್ನಿನ ಸುತ್ತು, ಎಂಜಿನ್ನನ್ನು ತಂಪುಗೊಳಿಸುವ ನೀರಿನ ಒತ್ತಡ ಮೂರನ್ನೂ ಬರೆದಿಡಿ. ಗಾಳಿಯ ಪಾಲು ಕಳೆಯಲು ಎರಡೂ ದಿಕ್ಕಿನಲ್ಲಿ ಓಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ದಿನ ಪ್ರೊಪೆಲ್ಲರ್ ಕೂಡ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಸುತ್ತು ಏಕಾಏಕಿ ಏರಿ ವೇಗ ಏರದಿದ್ದರೆ ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತಿದೆ ಎಂದರ್ಥ. ಇದನ್ನು ಹಲವರು ಕ್ಯಾವಿಟೇಶನ್ ಎನ್ನುತ್ತಾರೆ, ಅದು ತಪ್ಪು. ಕ್ಯಾವಿಟೇಶನ್‌ನಲ್ಲಿ ಒತ್ತಡ ಕುಸಿದು ನೀರೇ ಆವಿಯಾಗುತ್ತದೆ. ಇಲ್ಲಿ ನಡೆಯುವುದು ವೆಂಟಿಲೇಶನ್. ತಂಪುಗೊಳಿಸುವ ನೀರು ಒಳಹೋಗುವ ರಂಧ್ರಗಳೂ ಎಂಜಿನ್ನಿನ ಜೊತೆಗೇ ಮೇಲೇರುತ್ತವೆ ಎಂಬುದನ್ನು ಮರೆಯದಿರಿ. ನೀರಿನ ಒತ್ತಡ ತಯಾರಕರು ಹೇಳಿದ ಮಟ್ಟಕ್ಕಿಂತ ಇಳಿದರೆ ವೇಗ ಎಷ್ಟೇ ಚೆನ್ನಾಗಿದ್ದರೂ ಎಂಜಿನ್ನನ್ನು ಮತ್ತೆ ಕೆಳಗಿಳಿಸಲೇಬೇಕು.

ಇಷ್ಟೆಲ್ಲವನ್ನೂ ಖಾಲಿ ದೋಣಿಯಲ್ಲಿ ಮಾಡಿದರೆ ಬರುವ ಅಂಕಿ ಮೀನು ಹಿಡಿಯುವ ಸ್ಪರ್ಧೆಯ ದಿನಕ್ಕೆ ಒಗ್ಗುವುದಿಲ್ಲ. ಮೀನನ್ನು ಜೀವಂತ ಇಡುವ ತೊಟ್ಟಿಯಲ್ಲಿ ಸುಮಾರು ನೂರು ಲೀಟರ್ ನೀರು ತುಂಬಿ, ಇಂಧನ ತುಂಬಿಸಿ, ಇಬ್ಬರು ಕುಳಿತು ಮತ್ತೊಮ್ಮೆ ಓಡಿಸಿ. ಆಗ ಮೂತಿ ಎದ್ದು ಬೀಳತೊಡಗಿದರೆ, ಜ್ಯಾಕ್ ಪ್ಲೇಟ್ ಬಿಚ್ಚುವ ಮುನ್ನ ಹಿಂಭಾಗದ ಬ್ಯಾಟರಿಗಳಲ್ಲಿ ಒಂದನ್ನು ಮುಂದಕ್ಕೆ ಸರಿಸಿ ನೋಡಿ.